ಬೋರ್ಡಿನ ದರವಲ್ಲ, ಬಿಲ್ಲಿನ ಕೊನೆಯ ಸಾಲು ನೋಡಿ

ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿದ ರೈತ ಟೆಂಡರಿನಲ್ಲಿ ಬಿದ್ದ ದರ ಕೇಳಿದ ಕೂಡಲೇ ಊರಿಗೆ ಹೊರಡುವುದಿಲ್ಲ. ತೂಕ ಆಗಬೇಕು, ಹಮಾಲಿ ಕಳೆಯಬೇಕು, ದಲಾಲರ ಅಂಗಡಿಯ ಗುಮಾಸ್ತ ಪಟ್ಟಿ ಬರೆದು ಕೊಡಬೇಕು. ಆ ಪಟ್ಟಿಯ ಕೊನೆಯ ಸಾಲಿನಲ್ಲಿರುವ ಅಂಕಿಯೇ ಅವನ ಪಾಲಿನ ನಿಜವಾದ ದರ. ಅದೇ ಮನೆಯವರು ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಾಗ, ಹಜ್‌ಗೋ ಮುಕ್ತಿನಾಥಕ್ಕೋ ಹೊರಟಾಗ ಈ ಎಚ್ಚರ ಕೈಬಿಟ್ಟು ಹೋಗುತ್ತದೆ. ವಿಮಾನ ಹತ್ತುವ ಗಡಿಬಿಡಿಯಲ್ಲಿ ಕೌಂಟರಿನವರು ಹೇಳಿದ್ದೇ ದರ, ಕೊಟ್ಟಿದ್ದೇ ಡಾಲರ್.

ತುಂಗಭದ್ರೆಯ ದಡದಲ್ಲಿ, ಹೊಳೆಮಠದಿಂದ ಹೆಸರಾದ ಐರಣಿಯಂಥ ಊರಿಗೆ ವಿದೇಶಿ ವಿನಿಮಯದ ಮಾತು ದೂರದ್ದು ಅನ್ನಿಸುವ ಕಾಲ ಹೋಗಿದೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆಯ ಮಕ್ಕಳು ಎಂಜಿನಿಯರ್ ಆಗಿ ಅಮೆರಿಕ, ಜರ್ಮನಿಯಲ್ಲಿದ್ದಾರೆ. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಇಲ್ಲಿ ಸೀಟು ಸಿಗದೆಯೋ, ಸಿಕ್ಕರೂ ಫೀಸು ಕಟ್ಟಲಾಗದೆಯೋ ವೈದ್ಯಕೀಯ ಓದಲು ಹೊರದೇಶಕ್ಕೆ ಹೋಗಿದ್ದಾರೆ. ಹೈಬ್ರಿಡ್ ಬೀಜದ ವ್ಯವಹಾರಕ್ಕೆ ಹೆಸರಾದ ರಾಣೆಬೆನ್ನೂರಿನಂಥ ಪೇಟೆಗಳಲ್ಲಿ ಟಾರ್ಗೆಟ್ ಮುಟ್ಟಿದ ಬೀಜ, ಗೊಬ್ಬರದ ಡೀಲರುಗಳಿಗೆ ಕಂಪನಿಗಳು ಬ್ಯಾಂಕಾಕ್, ದುಬೈ ಪ್ರವಾಸ ಕೊಡುವ ವಾಡಿಕೆಯೂ ಇದೆ. ಟಿಕೆಟ್, ಹೋಟೆಲ್ ಕಂಪನಿಯದಾದರೂ ಕೈಖರ್ಚು ಅವರವರದೇ.

1970ರ ದಶಕದಲ್ಲಿ ಭಾರತದಿಂದ ಹೊರಟವರಿಗೆ ಸರ್ಕಾರ ಒಯ್ಯಲು ಬಿಡುತ್ತಿದ್ದದ್ದು 8 ಡಾಲರ್ ಮಾತ್ರ. ಆ ತಲೆಮಾರಿನ ಎಂಜಿನಿಯರು, ವೈದ್ಯರು ಅಷ್ಟನ್ನೇ ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದವರು. 2004ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಉದಾರೀಕೃತ ಹಣ ರವಾನೆ ಯೋಜನೆ ತಂದಾಗ ಮಿತಿ ವರ್ಷಕ್ಕೆ 25,000 ಡಾಲರ್ ಆಯಿತು. ಬ್ಯಾಂಕಿನವರು ಎಲ್‌ಆರ್‌ಎಸ್ ಎನ್ನುವುದು ಇದನ್ನೇ. ಇಂದು ಒಬ್ಬೊಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಅವಕಾಶವಿದೆ. ಹೀಗಾಗಿ ಸಾಮಾನ್ಯ ಪ್ರವಾಸಿಗೆ ಈಗ ಕಾಡುವುದು ಮಿತಿಯಲ್ಲ, ನಡುವೆ ಸೋರಿಹೋಗುವ ದುಡ್ಡು.

ಸೋರಿಕೆ ಎಲ್ಲಿ

ಟಿವಿಯಲ್ಲಿ, ಮೊಬೈಲಿನಲ್ಲಿ ಕಾಣುವ ಡಾಲರ್ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುವ ದರ. ಆ ದರಕ್ಕೆ ಪ್ರವಾಸಿಗೆ ನೋಟು ಸಿಗುವುದಿಲ್ಲ. ಕೌಂಟರಿನ ಬೋರ್ಡಿನಲ್ಲಿ ಎರಡು ದರ ಇರುತ್ತವೆ: ಅವರು ಮಾರುವ ದರ ಒಂದು, ಕೊಳ್ಳುವ ದರ ಇನ್ನೊಂದು. ಇವೆರಡರ ನಡುವಿನ ಅಂತರವೇ ಅವರ ಗಳಿಕೆ. ‘ಕಮಿಷನ್ ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಕಡೆಯೇ ಈ ಅಂತರ ಹೆಚ್ಚಿರಬಹುದು. ಕಮಿಷನ್ ಕಣ್ಣಿಗೆ ಕಾಣುತ್ತದೆ, ದರದೊಳಗೆ ಸೇರಿಸಿದ ಲಾಭ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. 2025ರ ಡಿಸೆಂಬರಿನಲ್ಲಿ ರೂಪಾಯಿ ಮೊದಲ ಬಾರಿಗೆ ಡಾಲರಿಗೆ 90 ದಾಟಿತು. ಆ 90ನ್ನೇ ಮಾರುಕಟ್ಟೆ ದರ ಎಂದು ಹಿಡಿಯೋಣ. ಐರಣಿಯ ದಂಪತಿಗೆ 1,000 ಡಾಲರ್ ನೋಟು ಬೇಕು. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ನಾಲ್ಕು ಕಡೆ ವಿಚಾರಿಸಿದಾಗ 91.50ಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. 91,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ 164.70. ಒಟ್ಟು 91,664.70. ವಿಚಾರಿಸದೆ ವಿಮಾನ ನಿಲ್ದಾಣದಲ್ಲಿ 97ಕ್ಕೆ ಕೊಂಡರೆ ಜಿಎಸ್‌ಟಿ ಸೇರಿ 97,174.60. ಕೈಗೆ ಬಂದ ನೋಟು ಅವೇ, ವ್ಯತ್ಯಾಸ ಐದೂವರೆ ಸಾವಿರ ರೂಪಾಯಿ. ಪ್ರವಾಸ ಮುಗಿದು 200 ಡಾಲರ್ ಉಳಿಯಿತು, ಅದನ್ನು ಅದೇ ಕೌಂಟರಿಗೆ 86ರ ದರದಲ್ಲಿ ಮರಳಿಸಿದರು ಎಂದರೆ ಆ 200ರ ಮೇಲೆ ಮತ್ತೆ 2,200 ರೂಪಾಯಿ ಹೋಯಿತು.

ಜಿಎಸ್‌ಟಿಯ ಹೆಸರು ಹೇಳಿ ಗಾಬರಿಪಡಿಸುವವರಿದ್ದಾರೆ. ತೆರಿಗೆ ಶೇ 18 ಎನ್ನುವುದು ನಿಜವಾದರೂ ಅದು ಬೀಳುವುದು ಬದಲಿಸುವ ಪೂರ್ತಿ ಮೊತ್ತದ ಮೇಲಲ್ಲ. ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 1ರಷ್ಟನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ ಮೇಲೆ ಮಾತ್ರ ಶೇ 18. ಆ ಸೇವೆಯ ಬೆಲೆ ಕನಿಷ್ಠ 250 ರೂಪಾಯಿ ಎಂದು ನಿಗದಿಯಾಗಿರುವುದರಿಂದ ತೆರಿಗೆ 45 ರೂಪಾಯಿಗಿಂತ ಕಡಿಮೆ ಆಗುವುದಿಲ್ಲ. ಲಕ್ಷದಿಂದ ಮೇಲಕ್ಕೆ ಹೋದಂತೆ ಪ್ರಮಾಣ ಇನ್ನೂ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ, ತೆರಿಗೆ ನೂರಾ ಎಪ್ಪತ್ತರ ಆಸುಪಾಸು, ದರದ ಹೊಡೆತ ಸಾವಿರಗಳಲ್ಲಿ.

ಆದ್ದರಿಂದ ಕೌಂಟರಿನಲ್ಲಿ ‘ದರ ಎಷ್ಟು’ ಎಂದು ಕೇಳುವುದರಿಂದ ಉಪಯೋಗ ಕಡಿಮೆ. ‘ನನಗೆ ಸಾವಿರ ಡಾಲರ್ ಬೇಕ್ರಿ, ಎಲ್ಲಾ ಸೇರಿ ಎಷ್ಟ್ ಆಕ್ಕೈತಿ?’ ಎಂದೇ ಕೇಳಬೇಕು. ಇದೇ ಪ್ರಶ್ನೆಯನ್ನು ಒಂದೇ ದಿನ, ಒಂದೇ ಹೊತ್ತಿಗೆ ಮೂರು ಕಡೆ ಫೋನ್ ಮಾಡಿ ಕೇಳಿದರೆ ಯಾರು ಅಗ್ಗ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ವಿನಿಮಯ ಅಂಗಡಿಗಳಲ್ಲಿ ಚೌಕಾಸಿಗೂ ಜಾಗವಿದೆ. ಮೊತ್ತ ಹೆಚ್ಚಿದ್ದಷ್ಟೂ ಪೈಸೆಗಳಲ್ಲಿ ಇಳಿಸುತ್ತಾರೆ. ಸಾವಿರ ಡಾಲರಿಗೆ 50 ಪೈಸೆ ಇಳಿದರೂ 500 ರೂಪಾಯಿ ಉಳಿಯಿತು.

ಕೊಳ್ಳುವುದು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರ ಹತ್ತಿರ ಮಾತ್ರ. ಅಧಿಕೃತ ಡೀಲರುಗಳ, ಹಣ ಬದಲಾವಣೆದಾರರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ವಿದೇಶಿ ವಿನಿಮಯದ ಕೆಲಸ ಬ್ಯಾಂಕಿನ ಪ್ರತಿ ಶಾಖೆಯಲ್ಲೂ ಆಗುವುದಿಲ್ಲವಾದ್ದರಿಂದ ಖಾತೆ ಇರುವ ಶಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಕೈಯಲ್ಲಿರಲಿ. ಹೊರಡುವ ದಿನಕ್ಕೆ 60 ದಿನ ಮೊದಲೇ ಕೊಳ್ಳಬಹುದು, ಕೊನೆಯ ದಿನದವರೆಗೆ ಕಾಯುವ ಅಗತ್ಯವೇ ಇಲ್ಲ. 50,000 ರೂಪಾಯಿ ಮೀರಿದರೆ ನಗದು ಕೊಡುವಂತಿಲ್ಲ, ಚೆಕ್ ಅಥವಾ ಖಾತೆಯ ಮೂಲಕವೇ ಪಾವತಿಸಬೇಕು. ಬಿಲ್ಲು ಕೇಳಿ ಪಡೆದು ಪಾಸ್‌ಪೋರ್ಟ್ ಜತೆಗೇ ಇಟ್ಟುಕೊಳ್ಳಬೇಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ‘ದುಬೈನಾಗ ನಮ್ಮವರು ಅದಾರ, ಅಲ್ಲೇ ದಿರಹಂ ಕೊಡ್ತಾರ, ನೀವು ಇಲ್ಲಿ ಅವರ ಮನಿಗೆ ರೂಪಾಯಿ ಮುಟ್ಟಸ್ರಿ’ ಎನ್ನುವ ಹೊಂದಾಣಿಕೆ ಎಷ್ಟೇ ಪರಿಚಯದವರದ್ದಾದರೂ ಕಾನೂನಿಗೆ ವಿರುದ್ಧ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಲ್ಲಿ ಇದಕ್ಕೆ ಆ ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ನಾಲ್ಕು ಕಾಸು ಉಳಿಸಲು ಹೋಗಿ ಮನೆತನವೇ ನೋಟಿಸಿಗೆ ಉತ್ತರ ಕೊಡುತ್ತ ಕೂರುವ ಸ್ಥಿತಿ ಬೇಡ.

ನೋಟು ಎಷ್ಟು, ಯಾವುದು

ಒಂದು ಪ್ರವಾಸಕ್ಕೆ ಒಬ್ಬರು ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಸಾಮಾನ್ಯವಾಗಿ 3,000 ಡಾಲರ್ ಅಥವಾ ಅಷ್ಟು ಬೆಲೆಯ ಬೇರೆ ಹಣ, ಉಳಿದದ್ದು ಕಾರ್ಡಿನಲ್ಲಿರಬೇಕು. ಹಜ್, ಉಮ್ರಾ ಯಾತ್ರಿಕರಿಗೆ ಇದರಲ್ಲಿ ವಿನಾಯಿತಿ ಇದೆ. ನಮ್ಮ ರೂಪಾಯಿಯನ್ನು 25,000ದವರೆಗೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಮರಳಿ ಬಂದಾಗ ವಿಮಾನ ನಿಲ್ದಾಣದಿಂದ ಊರಿನವರೆಗಿನ ಖರ್ಚಿಗೆ ಬೇಕಾದಷ್ಟು ಇದ್ದರೆ ಸಾಕು.

ಯಾವ ನೋಟು ಕೊಳ್ಳಬೇಕು ಎನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಡಾಲರ್, ಯೂರೋ, ಪೌಂಡ್ ನಮ್ಮಲ್ಲಿ ಚೆನ್ನಾಗಿ ಓಡಾಡುವ ಹಣವಾದ್ದರಿಂದ ಅಂತರ ಕಡಿಮೆ. ಆ ದೇಶಗಳಿಗೆ ಹೋಗುವವರು ಆಯಾ ನೋಟನ್ನೇ ಇಲ್ಲಿ ಕೊಳ್ಳುವುದು ಸರಿ. ಥಾಯ್ ಬಾತ್, ವಿಯೆಟ್ನಾಮಿನ ಡಾಂಗ್, ಇಂಡೋನೇಷ್ಯಾದ ರುಪಿಯಾದಂಥವನ್ನು ಇಲ್ಲಿ ಕೇಳಿದರೆ ಅಂತರ ದೊಡ್ಡದು. ಅಂಥ ದೇಶಗಳಿಗೆ ಡಾಲರ್ ಒಯ್ದು ಅಲ್ಲಿನ ಪೇಟೆಯಲ್ಲಿ ಬದಲಿಸಿಕೊಳ್ಳುವುದು ಲಾಭ. ಅಲ್ಲೂ ಬ್ಯಾಂಕಾಕ್ ವಿಮಾನ ನಿಲ್ದಾಣಕ್ಕಿಂತ ಊರೊಳಗಿನ ವಿನಿಮಯ ಅಂಗಡಿಗಳ ದರ ಚೆನ್ನಾಗಿರುತ್ತದೆ. 100 ಡಾಲರಿನ ನೋಟಿಗೆ ಒಂದು ದರ, 20 ಡಾಲರಿನ ನೋಟಿಗೆ ಅದಕ್ಕಿಂತ ಕಡಿಮೆ ದರ ಎಂದು ಬೋರ್ಡಿನಲ್ಲೇ ಬರೆದಿರುತ್ತಾರೆ. ಮಡಿಕೆ ಹರಿದ, ಪೆನ್ನಿನ ಗೀಟು ಬಿದ್ದ, ಮುದ್ರೆ ಒತ್ತಿದ ನೋಟನ್ನು ಎಷ್ಟೋ ಕಡೆ ಮುಟ್ಟುವುದೇ ಇಲ್ಲ. ಹಾಗಾಗಿ ಊರಿನಲ್ಲಿ ಡಾಲರ್ ಎಣಿಸಿಕೊಳ್ಳುವಾಗಲೇ ಬೆಳಕಿಗೆ ಹಿಡಿದು, ಸ್ವಚ್ಛ ನೋಟು ಕೇಳಿ ತೆಗೆದುಕೊಳ್ಳಬೇಕು.

ಯುಎಇಯ ದಿರಹಂ 1997ರಿಂದ ಒಂದು ಡಾಲರಿಗೆ 3.6725ರಂತೆ, ಸೌದಿ ರಿಯಾಲ್ 1986ರಿಂದ 3.75ರಂತೆ ಡಾಲರಿಗೆ ಕಟ್ಟುಬಿದ್ದಿವೆ. ಅಲ್ಲಿ ಡಾಲರ್ ಬದಲಿಸುವಾಗ ಸಿಗಬೇಕಾದ ಮೊತ್ತ ಎಷ್ಟು ಎಂಬುದನ್ನು ಪ್ರವಾಸಿ ಮೊದಲೇ ತಿಳಿದಿರುತ್ತಾನೆ, ಕಡಿಮೆ ಕೊಟ್ಟರೆ ಕೂಡಲೇ ಗೊತ್ತಾಗುತ್ತದೆ. ರಿಯಾಲ್ ಇಲ್ಲೇ ಕೊಳ್ಳುವುದೋ, ಡಾಲರ್ ಒಯ್ಯುವುದೋ ಎಂದು ಕೇಳುವ ಹಜ್ ಯಾತ್ರಿಕರು ಎರಡರ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ ನೋಡಲಿ. ಸ್ಥಿರ ದರ ಇರುವುದರಿಂದ ಲೆಕ್ಕ ಸುಲಭ. ಒಂದು ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ ಎನ್ನುವುದೂ ಸ್ವಾರಸ್ಯ. 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್ ಯಾತ್ರಿಕರಿಗೆಂದೇ 10 ಮತ್ತು 100 ರೂಪಾಯಿಯ ಪ್ರತ್ಯೇಕ ನೋಟು ಅಚ್ಚು ಹಾಕಿಸಿತ್ತು. ಕೊಲ್ಲಿಯ ಹಲವು ನಾಡುಗಳಲ್ಲಿ 1960ರ ದಶಕದ ನಡುವಿನವರೆಗೂ ‘ಗಲ್ಫ್ ರೂಪಾಯಿ’ ಚಲಾವಣೆಯಲ್ಲಿತ್ತು.

ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗುವವರ ದಾರಿ ಸರಳ. ನೇಪಾಳದ ರೂಪಾಯಿ 1993ರಿಂದ ನಮ್ಮ ಒಂದು ರೂಪಾಯಿಗೆ 1.60ರಂತೆ ನಿಂತಿದೆ. ನೂರರ ನೋಟುಗಳಿದ್ದರೆ ದಾರಿಯ ಖರ್ಚಿಗೆ ತೊಂದರೆ ಇಲ್ಲ.

ಮಗಳ ಮನೆಗೆ ಅಮೆರಿಕಕ್ಕೆ ಹೋಗುವ ತಾಯಿ-ತಂದೆಗೆ ನೋಟಿನ ಕಂತೆ ಬೇಕಾಗುವುದಿಲ್ಲ. ದಾರಿಯಲ್ಲಿ ವಿಮಾನ ತಪ್ಪಿದರೆ ಊಟಕ್ಕೆ, ಫೋನಿಗೆ, ಒಂದು ರಾತ್ರಿಯ ತಂಗುವಿಕೆಗೆ 300ರಿಂದ 500 ಡಾಲರ್ ಸಾಕು. ಉಳಿಸಿದ ದುಡ್ಡನ್ನು ಒಳ್ಳೆಯ ಪ್ರವಾಸಿ ವೈದ್ಯಕೀಯ ವಿಮೆಗೆ ಹಾಕುವುದು ಮೇಲು. ಅಲ್ಲಿನ ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲಿನ ಮುಂದೆ ವಿನಿಮಯದಲ್ಲಿ ಉಳಿಸಿದ್ದೆಲ್ಲ ಕೊಚ್ಚಿಹೋಗುತ್ತದೆ.

ಕಾರ್ಡ್ ಉಜ್ಜುವ ಮುನ್ನ

2020ರ ಅಕ್ಟೋಬರಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ವಿದೇಶಿ ಬಳಕೆಯನ್ನು ಗ್ರಾಹಕರೇ ಆ್ಯಪ್‌ನಲ್ಲೋ ಶಾಖೆಯಲ್ಲೋ ಆನ್ ಮಾಡಿಸಿಕೊಳ್ಳಬೇಕು. ಇದನ್ನು ಊರಿನಲ್ಲೇ ಮುಗಿಸಬೇಕು, ಏಕೆಂದರೆ ಒಟಿಪಿ ಬರುವುದು ಊರಿನ ನಂಬರಿಗೆ. ಆ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಹೊರದೇಶದಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ. ಹಳ್ಳಿಯ ಖಾತೆಗಳ ಜತೆ ಬಂದಿರುವ ರುಪೇ ಕಾರ್ಡುಗಳಲ್ಲಿ ಎಷ್ಟೋ ದೇಶದೊಳಗಿನ ಬಳಕೆಗಷ್ಟೇ ಇರುವಂಥವು. ಡಿಸ್ಕವರ್, ಡೈನರ್ಸ್ ಜಾಲದ ಮೂಲಕ ಹೊರಗೆ ನಡೆಯುವುದು ರುಪೇ ಗ್ಲೋಬಲ್. ಕೈಯಲ್ಲಿರುವುದು ಯಾವುದು ಎಂದು ನೋಡಿಕೊಂಡೇ ಹೊರಡಬೇಕು.

ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿನ ಮೇಲೆ ಶೇ 3.5ರವರೆಗೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ. 10,000 ರೂಪಾಯಿಯ ಖರೀದಿಗೆ 350 ರೂಪಾಯಿ ಶುಲ್ಕ, 63 ತೆರಿಗೆ, ಒಟ್ಟು 413. ಈ ಶುಲ್ಕವಿಲ್ಲದ ಕಾರ್ಡುಗಳೂ ಕೆಲವು ಬ್ಯಾಂಕುಗಳಲ್ಲಿ ಸಿಗುತ್ತವೆ, ಕೇಳಬೇಕು ಅಷ್ಟೆ. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿ ತುಂಬಿಸಿದ ದಿನದ ದರವೇ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ರೂಪಾಯಿ ಕುಸಿದರೂ ಚಿಂತೆಯಿಲ್ಲ. ಆದರೆ ಡಾಲರ್ ತುಂಬಿಸಿ ಯೂರೋದಲ್ಲಿ ಖರ್ಚು ಮಾಡಿದರೆ ಮತ್ತೆ ಶುಲ್ಕ. ಹೋಟೆಲಿನವರು ಠೇವಣಿಗೆಂದು ಹಿಡಿದಿಡುವ ಮೊತ್ತಕ್ಕೆ ಫಾರೆಕ್ಸ್ ಕಾರ್ಡ್ ಕೊಡದಿರುವುದು ಒಳ್ಳೆಯದು. ಅದು ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಸ್ವಂತ ದುಡ್ಡು ಕೈಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ, ಬಡ್ಡಿ ಆ ಕ್ಷಣದಿಂದಲೇ ಶುರು.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವ ಜಾಗ ಒಂದಿದೆ. ದುಬೈನ ಮಾಲ್‌ನಲ್ಲೋ ಪ್ಯಾರಿಸ್ಸಿನ ಹೋಟೆಲಿನಲ್ಲೋ ಕಾರ್ಡ್ ಹಾಕಿದ ಕೂಡಲೇ ಯಂತ್ರದ ಪುಟ್ಟ ಪರದೆಯ ಮೇಲೆ ಎರಡು ಮೊತ್ತ ಮೂಡುತ್ತವೆ. ಒಂದು ದಿರಹಂ ಇಲ್ಲವೇ ಯೂರೋದಲ್ಲಿ, ಇನ್ನೊಂದು ನಮ್ಮ ರೂಪಾಯಿಯಲ್ಲಿ. ರೂಪಾಯಿಯ ಅಂಕಿ ಕಂಡ ಕೂಡಲೇ ಬೆರಳು ಅತ್ತ ಹೋಗುತ್ತದೆ, ಪರಿಚಯದ ಹಣ ತಾನೆ. ಅದನ್ನು ಒತ್ತಿದರೆ ದರ ನಿರ್ಧರಿಸುವವರು ಅಂಗಡಿಯವರ ಕಡೆಯ ಸಂಸ್ಥೆ, ನಮ್ಮ ಕಾರ್ಡಿನ ಜಾಲವಲ್ಲ. ಆ ದರದಲ್ಲಿ ಅವರ ಲಾಭ ಸೇರಿರುತ್ತದೆ. ಇಷ್ಟಾದ ಮೇಲೂ ವ್ಯವಹಾರ ನಡೆದದ್ದು ಹೊರದೇಶದಲ್ಲಿ ಎಂದು ನಮ್ಮ ಬ್ಯಾಂಕ್ ಶುಲ್ಕ ಹಾಕಬಹುದು. ಎಟಿಎಂಗಳಲ್ಲೂ ಇದೇ ಪ್ರಶ್ನೆ ಬರುತ್ತದೆ: ‘ನಮ್ಮ ದರಕ್ಕೆ ಒಪ್ಪುತ್ತೀರಾ?’ ಒಪ್ಪುವುದಿಲ್ಲ ಎಂದು ಒತ್ತಿದರೂ ನೋಟು ಬರುತ್ತದೆ, ಒಳ್ಳೆಯ ದರಕ್ಕೇ ಬರುತ್ತದೆ. ಎಲ್ಲಿದ್ದರೂ ಆ ದೇಶದ ಹಣದಲ್ಲೇ ಪಾವತಿಸಬೇಕು. ಸೇಲ್ಸ್‌ಮನ್ ತಾನೇ ರೂಪಾಯಿ ಒತ್ತಿ ಚೀಟಿ ಕೊಟ್ಟರೆ ಸಹಿ ಹಾಕದೆ ರದ್ದು ಮಾಡಿಸಬೇಕು.

ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿಸಲ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕೀಳುತ್ತವೆ. ಹೀಗಾಗಿ ಸಾವಿರ ಸಾವಿರ ಬಾತ್ ತೆಗೆಯುವುದಕ್ಕಿಂತ ವಾರಕ್ಕೆ ಬೇಕಾದದ್ದನ್ನು ಒಂದೇ ಸಲ ತೆಗೆಯುವುದು ಉಳಿತಾಯ.

ಯುಪಿಐ ಕೂಡ ಗಡಿ ದಾಟಿದೆ. 2021ರ ಜುಲೈನಲ್ಲಿ ಭೂತಾನ್, 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್, ಅದೇ ತಿಂಗಳು ಶ್ರೀಲಂಕಾ ಮತ್ತು ಮಾರಿಷಸ್, ಮುಂದಿನ ತಿಂಗಳು ನೇಪಾಳ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದುಕೊಂಡಿರಬೇಕು. ಪಿನ್ ಒತ್ತುವ ಮುನ್ನ ತೋರಿಸುವ ರೂಪಾಯಿ ಮೊತ್ತವನ್ನು ಒಮ್ಮೆ ಓದಿಕೊಳ್ಳಬೇಕು. ಎಲ್ಲ ಅಂಗಡಿಯಲ್ಲೂ ನಡೆಯುವುದಿಲ್ಲ, ಅದನ್ನೇ ನಂಬಿ ಹೋಗುವ ಹಾಗಿಲ್ಲ.

ಓದುವ ಮಕ್ಕಳ ಫೀಸು

ಪ್ರವಾಸಿಯ ಲೆಕ್ಕ ಸಾವಿರಗಳಲ್ಲಿ, ವಿದ್ಯಾರ್ಥಿಯ ಮನೆಯದ್ದು ಲಕ್ಷಗಳಲ್ಲಿ. 5,000 ಡಾಲರ್ ಫೀಸು ಕಳಿಸುವಾಗ ದರದಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೂ 5,000 ರೂಪಾಯಿ ಬಿತ್ತು. ಬ್ಯಾಂಕಿನ ಬೋರ್ಡಿನಲ್ಲಿ ನೋಟಿನ ದರ ಮತ್ತು ತಂತಿ ವರ್ಗಾವಣೆಯ ದರ ಬೇರೆ ಬೇರೆ ಇರುತ್ತವೆ. ಫೀಸಿಗೆ ಅನ್ವಯಿಸುವುದು ಎರಡನೆಯದು, ಅದು ನೋಟಿಗಿಂತ ಅಗ್ಗ. ದೊಡ್ಡ ಮೊತ್ತಕ್ಕೆ ಶಾಖೆಯ ಮ್ಯಾನೇಜರ್ ಮೂಲಕ ಇನ್ನೂ ಒಳ್ಳೆಯ ದರ ಕೇಳಿಸಬಹುದು. ಸಂಕೋಚಪಡುವ ಕಾರಣವಿಲ್ಲ.

ನಡುವೆ ಬರುವ ವಿದೇಶಿ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡರೆ 5,000 ಕಳಿಸಿದ್ದು ಕಾಲೇಜಿಗೆ ಮುಟ್ಟುವಾಗ 4,975 ಆಗಿರುತ್ತದೆ, ಫೀಸು ಬಾಕಿ ಎಂದು ಮಗುವಿಗೆ ಪತ್ರ ಬರುತ್ತದೆ. ಎಲ್ಲ ಶುಲ್ಕವನ್ನೂ ಕಳಿಸುವವರೇ ಕೊಡುವ ಆಯ್ಕೆ ಅರ್ಜಿಯಲ್ಲೇ ಇರುತ್ತದೆ, ಅದನ್ನು ಗುರುತು ಮಾಡಿಸಬೇಕು. ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ನಮೂನೆಯಲ್ಲಿ ಉದ್ದೇಶ ‘ಶಿಕ್ಷಣ’ ಎಂದೇ ಬರೆದಿದೆಯೇ ಎಂಬುದನ್ನೂ ನೋಡಬೇಕು. ಸಂಬಂಧಿಕರ ಜೀವನ ನಿರ್ವಹಣೆ ಎಂದು ದಾಖಲಾದರೆ ಬ್ಯಾಂಕು ಹಿಡಿಯುವ ಮುಂಗಡ ತೆರಿಗೆಯ (ಟಿಸಿಎಸ್) ಲೆಕ್ಕವೇ ಬದಲಾಗುತ್ತದೆ.

ಹಣ ಇದ್ದೂ ಕೈಗೆ ಸಿಗದ ಹೊತ್ತು ಹೇಗಿರುತ್ತದೆ ಎಂಬುದನ್ನು ಈ ಸೀಮೆ ಹತ್ತಿರದಿಂದ ಕಂಡಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ನಡೆದ ದಾಳಿಗೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಬಲಿಯಾದ. ದಿನಸಿ ತರಲು ಹೊರಗೆ ಬಂದಿದ್ದ ಹುಡುಗ. ಆ ನೋವಿಗೆ ಯಾವ ಲೆಕ್ಕವೂ ಇಲ್ಲ. ಹಣದ ಮಾತಿಗೆ ಬಂದರೆ, ಯುದ್ಧ ಶುರುವಾದ ಫೆಬ್ರುವರಿ 24ರಂದೇ ಉಕ್ರೇನಿನ ಕೇಂದ್ರ ಬ್ಯಾಂಕು ವಿನಿಮಯ ದರವನ್ನು ಸ್ಥಿರಗೊಳಿಸಿ, ನಗದು ತೆಗೆಯಲು ಮಿತಿ ಹಾಕಿ, ಖಾತೆಯಿಂದ ವಿದೇಶಿ ನೋಟು ತೆಗೆಯುವುದನ್ನು ನಿಲ್ಲಿಸಿತು. ಪೋಲೆಂಡಿನಂಥ ನೆರೆದೇಶಕ್ಕೆ ದಾಟಿದವರಿಗೆ ಉಕ್ರೇನಿನ ಹ್ರಿವ್ನಿಯಾ ನೋಟು ಬದಲಿಸಿಕೊಳ್ಳುವುದೇ ಕಷ್ಟವಾಯಿತು. ಹೊರಗೆ ಓದುವ ಪ್ರತಿ ಮಗುವಿನ ಬಳಿಯೂ ಮುಟ್ಟದೆ ಇಟ್ಟ 200-300 ಡಾಲರ್ ಅಥವಾ ಯೂರೋ ನೋಟು ಇರಲಿ. ಎರಡು ಬೇರೆ ಬ್ಯಾಂಕಿನ ಕಾರ್ಡು ಎರಡು ಬೇರೆ ಚೀಲದಲ್ಲಿರಲಿ. ಇದು ದರದ ಉಳಿತಾಯಕ್ಕಿಂತ ಮುಖ್ಯ.

ಮರಳಿ ಬಂದ ಮೇಲೆ

ಉಳಿದ ವಿದೇಶಿ ಹಣದಲ್ಲಿ 2,000 ಡಾಲರ್‌ವರೆಗೆ ಮನೆಯಲ್ಲಿಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ 180 ದಿನದೊಳಗೆ ಅಧಿಕೃತ ಡೀಲರಿಗೆ ಮರಳಿಸಬೇಕು. ಹೊರಗಿನಿಂದ ಬರುವಾಗ ನೋಟೇ 5,000 ಡಾಲರ್ ಮೀರಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಕಾರ್ಡಿನ ವಿದೇಶಿ ಬಳಕೆಯನ್ನು ಮನೆಗೆ ಬಂದ ದಿನವೇ ಆಫ್ ಮಾಡಿಬಿಡಬೇಕು.

ಕೊನೆಯದಾಗಿ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎಲ್ಲ ಬ್ಯಾಂಕುಗಳಿಂದ ಸೇರಿ ಕಳಿಸಿದ ಹಣ ಮಿತಿ ದಾಟಿದರೆ ಬ್ಯಾಂಕು ಮುಂಗಡ ತೆರಿಗೆ ಹಿಡಿಯುತ್ತದೆ. 2025ರ ಏಪ್ರಿಲ್ 1ರಿಂದ ಈ ಮಿತಿ 7 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಟ್ಟುವ ಫೀಸಿಗೆ ಆಗಲೇ ಟಿಸಿಎಸ್ ತೆಗೆದುಹಾಕಲಾಯಿತು. ಸ್ವಂತ ಹಣದ ಫೀಸಿಗೆ, ಚಿಕಿತ್ಸೆಗೆ ದರ ಕಡಿಮೆ, ಉಳಿದ ಉದ್ದೇಶಕ್ಕೆ ಹೆಚ್ಚು. ಪ್ರವಾಸದ ಪ್ಯಾಕೇಜಿಗೆ ಬೇರೆಯೇ ಲೆಕ್ಕ. ಬಜೆಟ್ ಬಂದಾಗ ಇವು ಬದಲಾಗುವುದರಿಂದ ಹಣ ಕಳಿಸುವ ದಿನದ ದರ ಎಷ್ಟು ಎಂದು ಬ್ಯಾಂಕಿನಲ್ಲೇ ಕೇಳಬೇಕು. ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಬೇರೆಯಾದ್ದರಿಂದ ತಂದೆ ಅರ್ಧ, ತಾಯಿ ಅರ್ಧ ತಮ್ಮತಮ್ಮ ಖಾತೆಯಿಂದ ಕಳಿಸಲು ಅಡ್ಡಿಯಿಲ್ಲ.

ಹೀಗೆ ಹಿಡಿದ ಟಿಸಿಎಸ್ ಖರ್ಚಲ್ಲ, ಕಳಿಸಿದವರ ಪ್ಯಾನ್‌ನಲ್ಲಿ ಜಮೆಯಾಗಿರುವ ಹಣ. ಆದಾಯ ತೆರಿಗೆ ಇಲಾಖೆಯ ನಮೂನೆ 26ಎಎಸ್‌ನಲ್ಲಿ ಅದು ಕಾಣುತ್ತದೆ. ಬರೀ ಹೊಲದ ಆದಾಯ ಇರುವ ಕುಟುಂಬಗಳು ‘ನಮಗ್ಯಾವ ಇನ್‌ಕಮ್ ಟ್ಯಾಕ್ಸು’ ಎಂದು ರಿಟರ್ನ್ ಸಲ್ಲಿಸುವುದೇ ಇಲ್ಲ, ದುಡ್ಡು ಅಲ್ಲೇ ಉಳಿಯುತ್ತದೆ. ತೆರಿಗೆ ಕಟ್ಟಬೇಕಿಲ್ಲದವರೂ ರಿಟರ್ನ್ ಸಲ್ಲಿಸಬೇಕು, ಆಗ ಪೂರ್ತಿ ಮೊತ್ತ ಖಾತೆಗೆ ಮರಳುತ್ತದೆ. ಮಗನನ್ನೋ ಮಗಳನ್ನೋ ಓದಲು ಕಳಿಸಿ ಟಿಸಿಎಸ್ ಕಟ್ಟಿದ ಐರಣಿ, ರಾಣೆಬೆನ್ನೂರು, ಬ್ಯಾಡಗಿಯ ರೈತ ಮನೆಗಳು ಈ ವರ್ಷದ ಗಡುವಿನೊಳಗೆ ಒಬ್ಬ ತೆರಿಗೆ ಸಲಹೆಗಾರರನ್ನು ಕಂಡು 26ಎಎಸ್ ತೆಗೆಸಿ ನೋಡಲಿ.